ಹಲ್ಲಿನ ಕ್ಯಾಪೂ ಸಿಟಿ ಸ್ಕ್ಯಾನಿನ ಬಿಳಿ ಗೆರೆಗಳೂ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಬಲಗೆನ್ನೆಯ ಒಳಗೆ, ಕೆಳವಸಡಿಗೆ ತಾಗಿದಂತೆ ಎದ್ದ ಹುಣ್ಣು ಎಷ್ಟು ದಿನವಾದರೂ ಮಾಯಲಿಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಆಪರೇಷನ್‌ಗೆ ಮುಂಚೆ ಸಿಟಿ ಸ್ಕ್ಯಾನ್ ಮಾಡಿಸಿದೆವು. ‘ಹಲ್ಲಿನ ಲೋಹದ ಆರ್ಟಿಫ್ಯಾಕ್ಟ್ ಇರುವುದರಿಂದ ಈ ಭಾಗದ ಪರಿಶೀಲನೆ ಸೀಮಿತ’ ಎಂದು ರಿಪೋರ್ಟಿನಲ್ಲಿದೆ. ಫಿಲ್ಮ್ ನೋಡಿದರೆ ಬಾಯಿಯಿಂದ ಬಿಳಿ, ಕಪ್ಪು ಗೆರೆಗಳು ಸಿಡಿದಂತೆ ಕಾಣುತ್ತವೆ. ಅಪ್ಪನಿಗೆ ಹಾಕಿರುವುದು ಹಲ್ಲಿನ ಬಣ್ಣದ ಪಿಂಗಾಣಿ ಕ್ಯಾಪ್. ಅದರಲ್ಲಿ ಲೋಹವಿಲ್ಲ ಎಂದೇ ತಿಳಿದಿದ್ದೆವು. ಸ್ಕ್ಯಾನ್ ದಂಡವಾಯಿತೇ? ಕ್ಯಾಪ್ ತೆಗೆಸಿ ಮತ್ತೆ ಮಾಡಿಸಬೇಕೇ?
— ಓದುಗರು, ಹಾವೇರಿ

ಉತ್ತರ: ದಂಡವಾಗಿಲ್ಲ. ಕ್ಯಾಪ್ ತೆಗೆಸುವ ಅವಸರವೂ ಬೇಡ. ಆ ಗೆರೆಗಳು ಹಲ್ಲಿನ ಮಟ್ಟದಲ್ಲಿ ಹಾದುಹೋಗುವ ಚಿತ್ರಗಳಲ್ಲಿ ಮಾತ್ರ ಇರುತ್ತವೆ. ಕುತ್ತಿಗೆಯ ಕೆಳಭಾಗದ ಗಂಟುಗಳು, ಧ್ವನಿಪೆಟ್ಟಿಗೆ, ಥೈರಾಯ್ಡ್, ಶ್ವಾಸಕೋಶದ ತುದಿ ಎಲ್ಲವೂ ಅದೇ ಸ್ಕ್ಯಾನಿನಲ್ಲಿ ಚೊಕ್ಕವಾಗಿಯೇ ಬಂದಿರುತ್ತವೆ. ಆದರೆ ನಿಮ್ಮ ತಂದೆಯ ಸರ್ಜನ್‌ಗೆ ಬೇಕಾದ ಮುಖ್ಯ ಉತ್ತರ ಇರುವುದು ಗೆರೆ ಬಿದ್ದ ಜಾಗದಲ್ಲೇ. ಕೆನ್ನೆಯ ಹುಣ್ಣು ದವಡೆಯ ಎಲುಬನ್ನು ತಾಗಿದೆಯೇ, ತಾಗಿದ್ದರೆ ಎಷ್ಟು ಆಳಕ್ಕೆ? ಎಲುಬಿನ ಮೇಲಂಚನ್ನಷ್ಟೇ ಕೆತ್ತಿ ತೆಗೆದರೆ ಸಾಕೋ, ದವಡೆಯ ಒಂದು ತುಂಡನ್ನೇ ತೆಗೆದು ಕಾಲಿನ ಎಲುಬಿನಿಂದ ಮರುಜೋಡಣೆ ಮಾಡಬೇಕೋ ಎಂಬುದು ಅದರ ಮೇಲೆ ನಿಂತಿದೆ. ಆದ್ದರಿಂದ ರಿಪೋರ್ಟಿನ ‘ಸೀಮಿತ’ ಎಂಬ ಮಾತನ್ನು ರೇಡಿಯಾಲಜಿಸ್ಟ್ ಪ್ರಾಮಾಣಿಕವಾಗಿ ಕೊಟ್ಟ ಎಚ್ಚರಿಕೆ ಎಂದು ತೆಗೆದುಕೊಳ್ಳಿ. ಕಾಣದ್ದನ್ನು ಕಂಡಂತೆ ಬರೆಯುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಮೊದಲು ಕ್ಯಾಪ್ ವಿಚಾರ. ಪಿಂಗಾಣಿ ಕ್ಯಾಪ್ ಎಂದು ನಮ್ಮಲ್ಲಿ ಹಾಕುವವುಗಳಲ್ಲಿ ಬಹಳಷ್ಟು ಒಳಗೆ ಲೋಹ, ಹೊರಗೆ ಪಿಂಗಾಣಿ. ಒಳಗಿನದು ಸಾಮಾನ್ಯವಾಗಿ ನಿಕ್ಕಲ್-ಕ್ರೋಮಿಯಂ ಅಥವಾ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ. ಪೂರ್ತಿ ಬಿಳಿಯ, ಲೋಹವೇ ಇಲ್ಲದ ಜಿರ್ಕೋನಿಯಾ ಕ್ಯಾಪ್ ಆದರೂ ಸಿಟಿ ಯಂತ್ರಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಎಕ್ಸ್‌ರೇ ಬಣ್ಣ ನೋಡುವುದಿಲ್ಲ. ಅದು ನೋಡುವುದು ಪರಮಾಣು ಸಂಖ್ಯೆ ಮತ್ತು ಸಾಂದ್ರತೆ. ಎಲುಬಿನ ಕ್ಯಾಲ್ಸಿಯಂನ ಪರಮಾಣು ಸಂಖ್ಯೆ 20. ಇಂಪ್ಲಾಂಟಿನ ಟೈಟಾನಿಯಂ 22, ನಿಕ್ಕಲ್ 28, ಜಿರ್ಕೋನಿಯಂ 40, ಹಳೆಯ ಬೆಳ್ಳಿ ಫಿಲ್ಲಿಂಗಿನಲ್ಲಿರುವ ಬೆಳ್ಳಿ 47, ಚಿನ್ನ 79, ಅದೇ ಫಿಲ್ಲಿಂಗಿನಲ್ಲಿ ಹೆಚ್ಚುಕಡಿಮೆ ಅರ್ಧ ತೂಕದಷ್ಟಿರುವ ಪಾದರಸ 80. ಎಕ್ಸ್‌ರೇಯನ್ನು ಹೀರಿಕೊಳ್ಳುವ ಒಂದು ಮುಖ್ಯ ಬಗೆಯಲ್ಲಿ ಈ ಸಂಖ್ಯೆ ಎರಡು ಪಟ್ಟಾದರೆ, ಸಮತೂಕದ ವಸ್ತು ಹೀರುವ ಪ್ರಮಾಣ ಸುಮಾರು ಎಂಟು ಪಟ್ಟಾಗುತ್ತದೆ. ಟೈಟಾನಿಯಂ ಇಂಪ್ಲಾಂಟಿನ ಸುತ್ತ ಗೆರೆ ಕಡಿಮೆ, ಚಿನ್ನದ ಹಲ್ಲು ಅಥವಾ ಬೆಳ್ಳಿ ಫಿಲ್ಲಿಂಗಿನ ಸುತ್ತ ವಿಪರೀತ ಏಕೆಂದು ಇದರಿಂದ ತಿಳಿಯುತ್ತದೆ. ಜಿರ್ಕೋನಿಯಾಕ್ಕೆ ಇನ್ನೊಂದು ಗುಣವಿದೆ: ಸಿಟಿಯಲ್ಲಿ ತೊಂದರೆ ಕೊಡುವ ಅದೇ ವಸ್ತು ಎಂಆರ್‌ಐನಲ್ಲಿ ಬಹುತೇಕ ಸುಮ್ಮನಿರುತ್ತದೆ.

ಇನ್ನು ಗೆರೆಗಳು. ಸಿಟಿ ಚಿತ್ರ ಕ್ಯಾಮೆರಾದ ಫೋಟೋದಂತೆ ನೇರವಾಗಿ ಬಂದದ್ದಲ್ಲ, ಲೆಕ್ಕ ಹಾಕಿ ಕಟ್ಟಿದ್ದು. ಇದನ್ನು ತಿಳಿಯದೆ ಗೆರೆಗಳ ಹುಟ್ಟು ತಿಳಿಯುವುದಿಲ್ಲ. ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರ ಮೊದಲ ರೋಗಿಯ ಮೆದುಳನ್ನು ನೋಡಿದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಅಟ್ಕಿನ್ಸನ್ ಮೊರ್ಲಿ ಆಸ್ಪತ್ರೆಯಲ್ಲಿ. ಆ ಯಂತ್ರ ತಲೆಬುರುಡೆಯೊಳಗನ್ನು ಮಾತ್ರ ನೋಡುತ್ತಿತ್ತು. ಹಲ್ಲಿನ ಗೊಡವೆ ಬಂದದ್ದು ಸಿಟಿ ಮುಖಕ್ಕೆ, ಕುತ್ತಿಗೆಗೆ ಇಳಿದ ಮೇಲೆ. ಅಂದಿನಿಂದ ಇಂದಿನವರೆಗೂ ಮೂಲ ತತ್ವ ಒಂದೇ. ಎಕ್ಸ್‌ರೇ ಟ್ಯೂಬು ತಲೆಯ ಸುತ್ತ ತಿರುಗುತ್ತದೆ. ಪ್ರತಿ ಕೋನದಿಂದ ಎಷ್ಟು ಕಿರಣ ಹೊರಟಿತು, ಎಷ್ಟು ಆಚೆ ತಲುಪಿತು ಎಂದು ಎದುರಿನ ಡಿಟೆಕ್ಟರ್ ಅಳೆಯುತ್ತದೆ. ನಡುವೆ ಎಷ್ಟು ಕಳೆದುಹೋಯಿತು ಎಂಬ ಮೊತ್ತವಷ್ಟೇ ಯಂತ್ರಕ್ಕೆ ಗೊತ್ತು. ಎಲ್ಲಿ ಕಳೆಯಿತು ಎಂಬುದು ಗೊತ್ತಿಲ್ಲ. ನೂರಾರು ಕೋನಗಳ ಇಂಥ ಮೊತ್ತಗಳನ್ನು ಅವು ಬಂದ ದಾರಿಯಗುಂಟ ಹಿಂದಕ್ಕೆ ಹರಡಿ, ಒಂದರ ಮೇಲೊಂದು ಕೂಡಿಸಿದಾಗ ಪ್ರತಿ ಬಿಂದುವಿನ ಬೆಲೆ ಹೊರಬೀಳುತ್ತದೆ. ಈ ಬೆಲೆಯನ್ನು ಹೌನ್ಸ್‌ಫೀಲ್ಡ್ ಹೆಸರಿನ ಮಾಪಕದಲ್ಲೇ ಹೇಳುತ್ತಾರೆ: ನೀರು 0, ಗಾಳಿ −1000, ಕೊಬ್ಬು −100ರ ಆಸುಪಾಸು, ಮಾಂಸಖಂಡ 50ರ ಸುತ್ತಮುತ್ತ, ಗಟ್ಟಿ ಎಲುಬು 1000 ದಾಟುತ್ತದೆ. ಸಾಮಾನ್ಯ ಮಾಪಕ 3071ಕ್ಕೆ ಮುಗಿಯುತ್ತದೆ. ಹಲ್ಲಿನ ಲೋಹಗಳು ಅದರ ಆಚೆ.

ಕಿರಣದ ಹಾದಿಯಲ್ಲಿ ಲೋಹ ಅಡ್ಡ ಬಂದರೆ ಮೊತ್ತ ತಪ್ಪುತ್ತದೆ. ತಪ್ಪುವುದು ಒಂದೇ ಬಗೆಯಲ್ಲೂ ಅಲ್ಲ. 120 ಕಿಲೋವೋಲ್ಟಿನಲ್ಲಿ ಟ್ಯೂಬಿನಿಂದ ಹೊರಡುವುದು ಒಂದೇ ಶಕ್ತಿಯ ಕಿರಣವಲ್ಲ. ಮೆದುವೂ ಗಟ್ಟಿಯೂ ಬೆರೆತ ಕಂತೆ. ಮೆದು ಕಿರಣಗಳು ಕ್ಯಾಪಿನಲ್ಲೇ ಉಳಿದುಬಿಡುತ್ತವೆ, ಗಟ್ಟಿಯವು ಮಾತ್ರ ದಾಟುತ್ತವೆ. ದಾಟಿದವು ಮುಂದಿನ ಮಾಂಸವನ್ನು ಸಲೀಸಾಗಿ ಹಾಯುವುದರಿಂದ ಆ ಮಾಂಸ ಇರುವುದಕ್ಕಿಂತ ತೆಳುವೆಂದು ಯಂತ್ರ ಎಣಿಸುತ್ತದೆ. ಎಡಕ್ಕೊಂದು ಬಲಕ್ಕೊಂದು ಕ್ಯಾಪ್ ಇದ್ದರೆ ಎರಡನ್ನೂ ಹಾಯ್ದ ಕಿರಣಗಳಲ್ಲಿ ಈ ತಪ್ಪು ಇನ್ನೂ ಹೆಚ್ಚು. ನಿಮ್ಮ ಫಿಲ್ಮಿನಲ್ಲಿ ನಾಲಿಗೆಯ ಮೇಲೆ ಅಡ್ಡಲಾಗಿ ಕಪ್ಪು ಪಟ್ಟಿ ಕಂಡರೆ ಅದು ಇದೇ. ಲೋಹ ದಪ್ಪವಿದ್ದಲ್ಲಿ ಆಚೆ ಬದಿಗೆ ಕಿರಣ ತಲುಪುವುದೇ ಅಪರೂಪ. ಬೆರಳೆಣಿಕೆಯ ಕಣಗಳನ್ನು ಹಿಡಿದು ಲಾಗರಿದಮ್ ತೆಗೆದಾಗ ಸಣ್ಣ ಏರಿಳಿತವೂ ದೊಡ್ಡ ಸುಳ್ಳಾಗುತ್ತದೆ. ಒರಟು ಬಿಳಿ-ಕಪ್ಪು ಗೀಟುಗಳು ಬರುವುದು ಅಲ್ಲಿಂದ. ಇದರ ಜೊತೆ ಅಡ್ಡಾದಿಡ್ಡಿ ಚದುರಿ ಬಂದ ಕಿರಣಗಳ ಕಲಬೆರಕೆಯಿದೆ, ಲೋಹದ ಚೂಪು ಅಂಚಿನಲ್ಲಿ ಆಗುವ ಎಡವಟ್ಟಿದೆ, ಸ್ಕ್ಯಾನಿನ ನಡುವೆ ರೋಗಿ ಉಗುಳು ನುಂಗಿದರೆ ಅದೂ ಇದೆ. ಈ ತಪ್ಪು ಮೊತ್ತಗಳನ್ನೂ ಯಂತ್ರ ಉಳಿದವುಗಳಂತೆಯೇ ದಾರಿಯುದ್ದಕ್ಕೂ ಹಿಂದಕ್ಕೆ ಹರಡುತ್ತದೆ. ಹಾಗಾಗಿ ಒಂದು ಹಲ್ಲಿನ ತಪ್ಪು ಕೆನ್ನೆಯಿಂದ ಕೆನ್ನೆಗೆ ಹಬ್ಬುತ್ತದೆ. ಗೆರೆ ಎಂದರೆ ಚಿತ್ರದ ಮೇಲೆ ಕೂತ ಧೂಳಲ್ಲ. ಅದರ ಕೆಳಗೆ ನಿಜವಾದ ಚಿತ್ರ ಅಡಗಿ ಕುಳಿತಿಲ್ಲ; ಅಲ್ಲಿ ಲೆಕ್ಕವೇ ತಪ್ಪಿದೆ. ಒರೆಸಿದರೆ ಹೋಗುವಂಥದ್ದಲ್ಲ ಎನ್ನಲು ಕಾರಣ ಇದು. ಮುಂದೆ ಹೇಳುವ ಸಾಫ್ಟ್‌ವೇರ್ ವಿಷಯದಲ್ಲಿ ಈ ಮಾತು ನೆನಪಿರಲಿ.

ನನ್ನ ಖಚಿತ ಅಭಿಪ್ರಾಯ: ಈ ತೊಂದರೆಗೆ ಒಳ್ಳೆಯ ಮದ್ದು ಇರುವುದು ಸ್ಕ್ಯಾನ್ ಶುರುವಾಗುವ ಮುಂಚಿನ ಐದು ನಿಮಿಷದಲ್ಲಿ. ದುಬಾರಿ ಯಂತ್ರವಿಲ್ಲದ ಜಿಲ್ಲಾ ಕೇಂದ್ರದಲ್ಲೂ ಆಗುವ ಕೆಲಸವಿದು. ಕಳಚಬಹುದಾದ ಹಲ್ಲುಸೆಟ್ಟು, ಕ್ಲಿಪ್ಪಿನ ಹಲ್ಲು, ಓಲೆ, ಮೂಗುತಿ, ಸರ ಎಲ್ಲ ಕಳಚಿಡಬೇಕು. ಬಾಯಿಯಲ್ಲಿ ಏನೇನಿದೆ, ಯಾವ ಬದಿಗೆ, ಹುಣ್ಣು ಯಾವ ಬದಿಗೆ ಎಂದು ಟೆಕ್ನಿಷಿಯನ್‌ಗೆ ಬಾಯಿಬಿಟ್ಟು ಹೇಳಬೇಕು. ಆಮೇಲಿನದು ಭಂಗಿಯ ಕೆಲಸ. ಗೆರೆಗಳು ಲೋಹದ ಮಟ್ಟದಲ್ಲೇ ಹರಡುತ್ತವೆಯಷ್ಟೆ? ಗದ್ದವನ್ನು ಮೇಲೆತ್ತಿಸಿ ಅಥವಾ ತಗ್ಗಿಸಿ, ಇಲ್ಲವೇ ಓರೆಯಾಗುವ ಯಂತ್ರವಾದರೆ ಅದನ್ನೇ ಓರೆ ಮಾಡಿ, ಬಾಯಿಯ ಭಾಗಕ್ಕೆ ಮಾತ್ರ ಇನ್ನೊಂದು ಚಿಕ್ಕ ಸರಣಿ ತೆಗೆದರೆ ಗೆರೆಗಳು ಬೇರೆ ಜಾಗಕ್ಕೆ ಬೀಳುತ್ತವೆ. ಮೊದಲ ಸರಣಿಯಲ್ಲಿ ಮುಚ್ಚಿಹೋದದ್ದು ಎರಡನೆಯದರಲ್ಲಿ ತೆರೆದುಕೊಳ್ಳುತ್ತದೆ. ರಕ್ತನಾಳಕ್ಕೆ ಕೊಟ್ಟ ಕಾಂಟ್ರಾಸ್ಟ್ ಇನ್ನೂ ಉಳಿದಿರುವಾಗಲೇ ಇದನ್ನು ಮುಗಿಸಬೇಕು. ಹೆಚ್ಚುವರಿ ವಿಕಿರಣ ಸ್ವಲ್ಪ ಇದೆ, ನಿಜ. ಕ್ಯಾನ್ಸರ್ ಆಪರೇಷನ್ನಿಗೆ ಸಿದ್ಧವಾಗುತ್ತಿರುವ 68ರ ವ್ಯಕ್ತಿಯ ವಿಷಯದಲ್ಲಿ ಆ ಸ್ವಲ್ಪಕ್ಕೆ ಅಂಜಿ ದವಡೆಯ ಪ್ರಶ್ನೆಯನ್ನು ಬಿಡಿಸದೆ ಉಳಿಸುವುದು ನನಗೆ ಒಪ್ಪಿಗೆಯಿಲ್ಲ.

ಕೆನ್ನೆಯ ಹುಣ್ಣಿಗೆಂದೇ ಹೇಳಿ ಮಾಡಿಸಿದಂಥ ಒಂದು ಸರಳ ಉಪಾಯವಿದೆ: ಕೆನ್ನೆ ಉಬ್ಬಿಸುವುದು. ತುಟಿ ಬಿಗಿಹಿಡಿದು, ಕೆನ್ನೆ ಉಬ್ಬಿಸಿ, ಮೂಗಿನಲ್ಲಿ ಮೆಲ್ಲಗೆ ಉಸಿರಾಡುತ್ತ ಕೆಲವು ಸೆಕೆಂಡು ಹಾಗೇ ಇರಬೇಕು. ಸುಮ್ಮನಿದ್ದಾಗ ಕೆನ್ನೆಯ ಒಳಪದರ ವಸಡಿಗೆ ಅಂಟಿಕೊಂಡೇ ಇರುತ್ತದೆ. ಹುಣ್ಣು ಕೆನ್ನೆಯದೋ ವಸಡಿನದೋ ಹೇಳಲಾಗುವುದಿಲ್ಲ. ಗಾಳಿ ತುಂಬಿದರೆ ನಡುವೆ ಕಪ್ಪು ಸಂದು ಬಿಡುತ್ತದೆ, ಎರಡೂ ಪ್ರತ್ಯೇಕವಾಗಿ ಕಾಣುತ್ತವೆ, ಕೆನ್ನೆ ಲೋಹದಿಂದಲೂ ಒಂದಿಷ್ಟು ದೂರ ಸರಿಯುತ್ತದೆ. 2001ರಲ್ಲಿ ಅಮೆರಿಕದ ನರ-ರೇಡಿಯಾಲಜಿ ಪತ್ರಿಕೆಯೊಂದರಲ್ಲಿ ಇದನ್ನು ವಿವರಿಸಿದ ಲೇಖನ ಬಂತು; ಇದರಿಂದ ಹೆಚ್ಚಿನ ಉಪಯೋಗ ಆಗುವುದು ನಮ್ಮಂಥ ಕಡೆಯೇ. ತಂಬಾಕು, ಎಲೆಅಡಿಕೆ, ಗುಟ್ಕಾವನ್ನು ಕೆನ್ನೆ-ವಸಡಿನ ಸಂದಿಯಲ್ಲಿ ಇಟ್ಟುಕೊಳ್ಳುವ ಅಭ್ಯಾಸದಿಂದ ಆ ಸಂದಿಯ ಕ್ಯಾನ್ಸರ್ ನಮ್ಮಲ್ಲಿ ಎಷ್ಟು ಹೆಚ್ಚೆಂದರೆ, ವೈದ್ಯಲೋಕ ಅದನ್ನು ‘ಭಾರತದ ಬಾಯಿ ಕ್ಯಾನ್ಸರ್’ ಎಂದೇ ಕರೆಯುವುದುಂಟು.

ನಾಲಿಗೆಯ ಹುಣ್ಣಾದರೆ ಬಾಯಿ ಅಗಲಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಿರಡೆಯೋ ಸಿರಿಂಜೋ ಕಚ್ಚಿಸಿ ಸ್ಕ್ಯಾನ್ ಮಾಡಬಹುದು. ಮೇಲಿನ ಕ್ಯಾಪೂ ಕೆಳಗಿನ ಕ್ಯಾಪೂ ದೂರವಾಗಿ ನಡುವಿನ ನಾಲಿಗೆಗೆ ಬಿಡುವು ಸಿಗುತ್ತದೆ. ಆದರೆ ಅಡಿಕೆ ಅಗಿಯುವವರಲ್ಲಿ ಬಾಯಿಯ ಒಳಪದರ ನಾರುಗಟ್ಟಿ, ಬಾಯಿ ಎರಡು ಬೆರಳಿನಷ್ಟೂ ತೆರೆಯದ ಸ್ಥಿತಿ ಸಾಮಾನ್ಯ. ಅಂಥವರ ಕೆನ್ನೆಯೂ ಬಿಗಿದಿರುತ್ತದೆ, ಉಬ್ಬುವುದಿಲ್ಲ. ಈ ರೋಗಿಗಳಿಗೆ ಭಂಗಿಯ ಉಪಾಯಗಳು ಹೆಚ್ಚು ದಕ್ಕುವುದಿಲ್ಲ ಎಂಬುದು ಬೇಸರದ ಮಾತು, ಏಕೆಂದರೆ ಬೇಕಾಗಿರುವುದು ಅವರಿಗೇ. ಟ್ಯೂಬಿನ ವೋಲ್ಟೇಜನ್ನು 140ಕ್ಕೆ ಏರಿಸಿದರೂ ಒಂದಿಷ್ಟು ಅನುಕೂಲವಿದೆ. ದಪ್ಪ ಲೋಹದ ಮುಂದೆ ಅದು ನಡೆಯುವುದಿಲ್ಲ.

ಈಗ ಸಾಫ್ಟ್‌ವೇರ್. ಲೋಹದ ಆರ್ಟಿಫ್ಯಾಕ್ಟ್ ಇಳಿಸುವ ಪ್ರೋಗ್ರಾಂ ಇಂದು ದೊಡ್ಡ ತಯಾರಕರೆಲ್ಲರ ಬಳಿಯೂ ಇದೆ: ಸೀಮೆನ್ಸ್‌ನದು ಐಮಾರ್, ಫಿಲಿಪ್ಸ್‌ನದು ಓ-ಮಾರ್, ಕ್ಯಾನನ್‌ನದು ಸೆಮಾರ್, ಜಿಇಯದು ಸ್ಮಾರ್ಟ್ ಮಾರ್. ಇವು ಮುಗಿದ ಚಿತ್ರವನ್ನು ತಿದ್ದಿ ತೀಡುವ ಪ್ರೋಗ್ರಾಂಗಳಲ್ಲ. ಡಿಟೆಕ್ಟರ್ ಬರೆದಿಟ್ಟ ಮೂಲ ಅಳತೆಗಳಿಗೇ ಹೋಗಿ, ಯಾವ ಅಳತೆಗಳು ಲೋಹವನ್ನು ಹಾಯ್ದು ಬಂದಿವೆ ಎಂದು ಗುರುತಿಸಿ, ಅವನ್ನು ತೆಗೆದುಹಾಕಿ, ಆ ಖಾಲಿ ಜಾಗಕ್ಕೆ ಅಕ್ಕಪಕ್ಕದ ಅಳತೆಗಳಿಂದ ಊಹಿಸಿದ ಬೆಲೆ ತುಂಬುತ್ತವೆ. ಆಮೇಲೆ ಚಿತ್ರವನ್ನು ಹೊಸದಾಗಿ ಕಟ್ಟುತ್ತವೆ. ಹುಳು ತಿಂದ ಓಲೆಗರಿಯ ಕಾವ್ಯವನ್ನು ಸಂಪಾದಿಸುವ ವಿದ್ವಾಂಸರ ಕೆಲಸವೂ ಇಂಥದ್ದೇ. ತೂತಿನ ಎಡಬಲದ ಅಕ್ಷರ, ಛಂದಸ್ಸು, ಅರ್ಥ ನೋಡಿ ಕಳೆದುಹೋದ ಪದ ಇದಿರಬೇಕೆಂದು ತುಂಬುತ್ತಾರೆ. ಒಳ್ಳೆಯ ಸಂಪಾದಕರು ತುಂಬಿದ್ದನ್ನು ಕಂಸದಲ್ಲಿಟ್ಟು, ಓಲೆಯಲ್ಲಿ ಇದ್ದದ್ದು ಇಷ್ಟೇ ಎಂದು ಅಡಿಟಿಪ್ಪಣಿಯಲ್ಲಿ ತಿಳಿಸುತ್ತಾರೆ.

ಈ ದಾರಿಯನ್ನು ವಿಲ್ಲಿ ಕಾಲೆಂಡರ್ ಮತ್ತು ಸಂಗಡಿಗರು 1987ರಲ್ಲೇ ತೋರಿಸಿದ್ದರು. ಅವರದು ಖಾಲಿ ಜಾಗದ ಎರಡು ದಡಗಳ ನಡುವೆ ನೇರ ಗೆರೆ ಎಳೆಯುವ ಸರಳ ಊಹೆ. ಅದರಿಂದ ಹಳೆಯ ಗೆರೆಗಳು ಕಡಿಮೆಯಾದವು, ಆದರೆ ಹಲ್ಲು-ಎಲುಬಿನಂಥ ಗಟ್ಟಿ ಅಂಚುಗಳ ಬಳಿ ಹೊಸ ಗೆರೆಗಳು ಹುಟ್ಟಿಕೊಂಡವು. 2010ರಲ್ಲಿ ಎಸ್ಥರ್ ಮೇಯರ್, ಮಾರ್ಕ್ ಕಾಖೆಲ್‌ರೀಸ್ ಮತ್ತಿತರರು ಪ್ರಕಟಿಸಿದ ವಿಧಾನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮೊದಲು ಇದು ಗಾಳಿ, ಇದು ಮಾಂಸ, ಇದು ಎಲುಬು ಎಂದು ಒರಟಾಗಿ ವಿಂಗಡಿಸಿದ ಒಂದು ಚಿತ್ರ ಮಾಡಿಕೊಳ್ಳುವುದು. ಆ ಚಿತ್ರದ ಮೂಲಕ ಕಿರಣ ಹಾಯ್ದಿದ್ದರೆ ಬರುತ್ತಿದ್ದ ಅಳತೆಗಳನ್ನು ಲೆಕ್ಕ ಹಾಕಿ, ನಿಜವಾದ ಅಳತೆಗಳನ್ನು ಅವುಗಳಿಂದ ಭಾಗಿಸುವುದು. ಆಗ ಏರುತಗ್ಗುಗಳೆಲ್ಲ ಸಮತಟ್ಟಾಗುತ್ತವೆ. ಸಮತಟ್ಟಾದ ನೆಲದಲ್ಲಿ ಹಳ್ಳ ತುಂಬುವುದು ಸುಲಭ, ತಪ್ಪೂ ಕಡಿಮೆ. ತುಂಬಿದ ಮೇಲೆ ಮತ್ತೆ ಗುಣಿಸಿ ಮೊದಲಿನ ಅಳತೆಗೆ ತರುವುದು. ಇದರ ಚೆಲುವು ನನಗೆ ಇಂದಿಗೂ ಇಷ್ಟ: ಅಂಗರಚನೆಯ ಬಗ್ಗೆ ನಮಗಿರುವ ತಿಳಿವನ್ನೇ ಗಣಿತ ಊರುಗೋಲು ಮಾಡಿಕೊಂಡಿದೆ.

ಎಷ್ಟೇ ಚೆಲುವಾದರೂ ಊಹೆ ಊಹೆಯೇ. ಕ್ಯಾಪಿಗೆ ತೀರ ಹತ್ತಿರದ ತೆಳು ಎಲುಬನ್ನು ಈ ಪ್ರೋಗ್ರಾಂಗಳು ಕೆಲವೊಮ್ಮೆ ಅಳಿಸಿಬಿಡುತ್ತವೆ. ನಾಲಿಗೆ, ಬಾಯಿಯ ತಳ ಅಚ್ಚುಕಟ್ಟಾಗಿ ಕಾಣುತ್ತವೆ, ಆದರೆ ದವಡೆಯ ಹೊರಪದರ ಸವೆದಂತೆ ತೋರುತ್ತದೆ. ನಿಮ್ಮ ತಂದೆಯ ಪ್ರಶ್ನೆಯೇ ಎಲುಬು ಸವೆದಿದೆಯೋ ಇಲ್ಲವೋ ಎಂಬುದು! ತಿದ್ದಿದ ಚಿತ್ರ ಒಂದನ್ನೇ ನಂಬಿದರೆ ಇಲ್ಲದ ಸವೆತವನ್ನು ಇದೆ ಎಂದು ಓದುವ ಅಪಾಯವಿದೆ. ಅದಕ್ಕೇ ತಿದ್ದಿದ್ದು ಮತ್ತು ತಿದ್ದದ್ದು, ಎರಡೂ ಸರಣಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಮೃದು ಅಂಗಗಳಿಗೆ ತಿದ್ದಿದ್ದು, ಎಲುಬಿನ ಅಂಚಿಗೆ ತಿದ್ದದ್ದು. ಸಿ.ಡಿಯಲ್ಲಿ ಎರಡನ್ನೂ ಕೊಡುವುದನ್ನು ಪ್ರತಿ ಸ್ಕ್ಯಾನಿಂಗ್ ಕೇಂದ್ರವೂ ರೂಢಿ ಮಾಡಿಕೊಳ್ಳಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇಲ್ಲಿ ನಿಮಗೆ ತಕ್ಷಣ ಉಪಯೋಗಕ್ಕೆ ಬರುವ ವಿಷಯವೊಂದಿದೆ. ಈ ತಿದ್ದುಪಡಿಗೆ ಮತ್ತೆ ಸ್ಕ್ಯಾನ್ ಬೇಕಿಲ್ಲ, ಹೊಸ ವಿಕಿರಣವೂ ಇಲ್ಲ. ಮೂಲ ಅಳತೆಗಳು ಯಂತ್ರದಲ್ಲಿ ಉಳಿದಿದ್ದರೆ, ಮತ್ತು ಆ ಯಂತ್ರಕ್ಕೆ ಇಂಥ ಪ್ರೋಗ್ರಾಂ ಇದ್ದರೆ, ಹಳೆಯ ಸ್ಕ್ಯಾನಿನಿಂದಲೇ ಹೊಸ ಚಿತ್ರ ಕಟ್ಟಿಕೊಡಬಹುದು. ಆದರೆ ಮೂಲ ಅಳತೆಗಳು ನಿಮಗೆ ಕೊಟ್ಟ ಸಿ.ಡಿಯಲ್ಲಿ ಇರುವುದಿಲ್ಲ. ಅವು ವಿಪರೀತ ಜಾಗ ತಿನ್ನುವುದರಿಂದ ಯಂತ್ರವೂ ಸ್ವಲ್ಪ ದಿನಗಳಲ್ಲೇ ಅವನ್ನು ಅಳಿಸಿ ಹೊಸ ರೋಗಿಗಳಿಗೆ ಜಾಗ ಮಾಡಿಕೊಳ್ಳುತ್ತದೆ. ಆದ್ದರಿಂದ ಇವತ್ತೇ ಸ್ಕ್ಯಾನ್ ಮಾಡಿದ ಕಡೆ ಫೋನ್ ಮಾಡಿ, ‘ರಾ ಡೇಟಾ ಇನ್ನೂ ಇದೆಯೇ, ಲೋಹದ ತಿದ್ದುಪಡಿಯೊಂದಿಗೆ ಮರುರಚನೆ ಮಾಡಿಕೊಡಬಹುದೇ, ದವಡೆಗೆ ಬೋನ್ ವಿಂಡೋದಲ್ಲಿ ತೆಳು ಸ್ಲೈಸ್ ಕೊಡಬಹುದೇ’ ಎಂದು ಕೇಳಿ. ಈ ಮಾತುಗಳು ಅವರಿಗೆ ಪರಿಚಿತವೇ.

ಎರಡು ಶಕ್ತಿಯ ಎಕ್ಸ್‌ರೇ ಬಳಸುವ ಡ್ಯುಯಲ್ ಎನರ್ಜಿ ಸಿಟಿ ಇನ್ನೊಂದು ದಾರಿ. ಎರಡೂ ಅಳತೆಗಳಿಂದ, ಒಂದೇ ಶಕ್ತಿಯ ಗಟ್ಟಿ ಕಿರಣದಲ್ಲಿ ತೆಗೆದಿದ್ದರೆ ಚಿತ್ರ ಹೇಗಿರುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ. ಶಕ್ತಿ ಏರಿದಷ್ಟೂ ಕಪ್ಪು ಪಟ್ಟಿಗಳು ಮಾಸುತ್ತವೆ. ಆದರೆ ಕಾಂಟ್ರಾಸ್ಟಿನಲ್ಲಿರುವ ಅಯೋಡಿನ್ ಬೆಳಗುವುದು ಕೆಳಶಕ್ತಿಯಲ್ಲಿ. ಮೇಲೇರಿದರೆ ಕ್ಯಾನ್ಸರ್ ಗಂಟು ಸುತ್ತಲಿನ ಮಾಂಸದ ಬಣ್ಣಕ್ಕೇ ಇಳಿಯುತ್ತದೆ. ಗೆರೆ ಹೋಯಿತು, ಗೆರೆಯ ಜೊತೆ ಗಂಟೂ ಹೋಯಿತು ಎಂಬಂತಾಗುತ್ತದೆ. ಒಂದೊಂದೇ ಕಣವನ್ನು ಅದರ ಶಕ್ತಿಯೊಂದಿಗೆ ಎಣಿಸುವ ಫೋಟಾನ್-ಕೌಂಟಿಂಗ್ ಸಿಟಿಗೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು. ಅದರಿಂದಲೂ ಸಹಾಯವಿದೆ. ಆದರೆ ಲೋಹದ ಆಚೆ ಕಣವೇ ತಲುಪದಿದ್ದರೆ ಯಾವ ಡಿಟೆಕ್ಟರೂ ಏನನ್ನೂ ಎಣಿಸಲಾರದು.

ತಿದ್ದಿದ ಮೇಲೂ ಉತ್ತರ ಸಿಗದಿದ್ದರೆ ಎಂಆರ್‌ಐ ಕೇಳಿ. ಅಲ್ಲಿಯೂ ಲೋಹ ಕಾಟ ಕೊಡುತ್ತದೆ, ಆದರೆ ಬೇರೆ ಕಾರಣಕ್ಕೆ: ಅದು ಕಾಂತಕ್ಷೇತ್ರವನ್ನು ಕದಡಿ ತನ್ನ ಸುತ್ತಲಿನ ಜಾಗವನ್ನು ನುಂಗುತ್ತದೆ. ಹಲ್ಲಿಗೆ ಬಿಗಿದ ಉಕ್ಕಿನ ತಂತಿ ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಕೋಬಾಲ್ಟ್-ಕ್ರೋಮಿಯಂ ಅದರ ನಂತರ. ಚಿನ್ನ, ಬೆಳ್ಳಿ ಫಿಲ್ಲಿಂಗು ಸೌಮ್ಯ. ಕದಡಿಕೆ ಲೋಹದ ಸುತ್ತಮುತ್ತಲೇ ನಿಲ್ಲುವುದರಿಂದ, ಬಾಯಿಯ ಒಂದು ಬದಿಯ ಕ್ಯಾಪ್ ಇನ್ನೊಂದು ಬದಿಯನ್ನು ಕೆಡಿಸುವುದಿಲ್ಲ. ಎಲುಬಿನ ಮಜ್ಜೆಯೊಳಗೆ ರೋಗ ಇಳಿದಿದೆಯೇ, ನಾಲಿಗೆಯೊಳಗೆ ಎಷ್ಟು ಮಿಲಿಮೀಟರ್ ಆಳ ಹೋಗಿದೆ ಎಂಬುದಕ್ಕೆ ಎಂಆರ್‌ಐಯೇ ಮೇಲು. ಆಳದ ಮಿಲಿಮೀಟರುಗಳು ಈಗ ಹಂತ ನಿರ್ಣಯದಲ್ಲೇ ಸೇರಿವೆ. 5 ಮತ್ತು 10 ಮಿಲಿಮೀಟರ್ ಅಲ್ಲಿನ ಗಡಿಗಳು. ಪೆಟ್-ಸಿಟಿ ಮಾಡಿಸುವುದಾದರೆ ಒಂದು ಎಚ್ಚರ: ಪೆಟ್ ಚಿತ್ರವನ್ನು ಸರಿಹೊಂದಿಸುವುದೇ ಸಿಟಿಯ ಬೆಲೆಗಳಿಂದ. ಲೋಹದ ಬಿಳುಪಿನಿಂದಾಗಿ ರೋಗವಿಲ್ಲದ ಕಡೆಯೂ ರೋಗವಿದ್ದಂತೆ ಹೊಳೆಯುವ ಬಿಸಿಚುಕ್ಕೆ ಕಾಣಬಹುದು. ಅನುಮಾನ ಬಂದರೆ ವೈದ್ಯರು ಸರಿಹೊಂದಿಸದ ಪೆಟ್ ಚಿತ್ರವನ್ನೂ ನೋಡುತ್ತಾರೆ.

ಕ್ಯಾಪ್ ತೆಗೆಸುವ ಪ್ರಶ್ನೆ ಉಳಿಯಿತು. ಸ್ಕ್ಯಾನಿನ ಚಂದಕ್ಕಾಗಿ ಮಾತ್ರ ತೆಗೆಸಬೇಡಿ. ಕೊರೆದು ತೆಗೆಯುವಾಗ ಹುಣ್ಣಿನ ಪಕ್ಕದ ಜಾಗ ಗಾಸಿಯಾಗುತ್ತದೆ, ದಿನಗಳು ಹೋಗುತ್ತವೆ, ಕ್ಯಾಪಿನ ಕೆಳಗೆ ರೂಟ್ ಕೆನಾಲ್ ಮಾಡಿ ಇಟ್ಟ ಲೋಹದ ಕಡ್ಡಿ ಇದ್ದರೆ ಗೆರೆಗಳು ಪೂರ್ತಿ ಹೋಗುವುದೂ ಇಲ್ಲ. ಆಪರೇಷನ್ ನಂತರ ರೇಡಿಯೇಷನ್ ಕೊಡುವುದಾದರೆ ಮಾತ್ರ ವಿಷಯ ಬೇರೆ. ರೇಡಿಯೇಷನ್ನಿನ ಯೋಜನೆಗೆ ಮತ್ತೊಂದು ಸಿಟಿ ತೆಗೆಯುತ್ತಾರೆ. ಅಲ್ಲಿ ಹೌನ್ಸ್‌ಫೀಲ್ಡ್ ಬೆಲೆಗಳಿಂದಲೇ ಯಾವ ಅಂಗಕ್ಕೆ ಎಷ್ಟು ಡೋಸ್ ಬೀಳುತ್ತದೆಂದು ಲೆಕ್ಕ ಮಾಡುವುದರಿಂದ, ಕಪ್ಪು-ಬಿಳಿ ಗೆರೆಗಳು ಡೋಸಿನ ಲೆಕ್ಕವನ್ನೇ ತಪ್ಪಿಸುತ್ತವೆ. ತಲೆಯನ್ನು ಮುಖವಾಡದಲ್ಲಿ ಬಿಗಿದಿರುವುದರಿಂದ ಗದ್ದ ಎತ್ತಿಸುವ ಉಪಾಯವೂ ಅಲ್ಲಿ ನಡೆಯುವುದಿಲ್ಲ. ಗೆರೆ ಬಿದ್ದ ಮಾಂಸದ ಭಾಗಕ್ಕೆ ನೀರಿನ ಬೆಲೆಯನ್ನು ಕೈಯಾರೆ ತುಂಬುವುದು ಅಲ್ಲಿನ ರೂಢಿ.

ರೇಡಿಯೇಷನ್ ಪಡೆದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಎಲುಬು ಸಾಯುವ ಅಪಾಯವಿದೆ. ಹಾಗಾಗಿ ಹಾಳಾದ ಹಲ್ಲು ಕೀಳುವುದಿದ್ದರೆ ರೇಡಿಯೇಷನ್ನಿಗೆ ಕನಿಷ್ಠ ಎರಡು ವಾರ ಮುಂಚೆ ಮುಗಿಸುವುದು ವಾಡಿಕೆ. ದಂತವೈದ್ಯರ ಆ ತಪಾಸಣೆಯ ಹೊತ್ತಿನಲ್ಲೇ ರೇಡಿಯೇಷನ್ ವೈದ್ಯರನ್ನೂ ಕೇಳಿ, ಕ್ಯಾಪ್ ಇರಲೋ ಹೋಗಲೋ ಎಂದು ತೀರ್ಮಾನಿಸಿ. ಇರಲಿ ಎಂದಾದರೆ ಇನ್ನೊಂದು ಬೇಡಿಕೆ ಇಡಿ. ಚಿಕಿತ್ಸೆಯ ಕಿರಣ ಲೋಹಕ್ಕೆ ಬಡಿದಾಗ ಅದರ ಮೈಯಿಂದ ಸಿಡಿಯುವ ಎಲೆಕ್ಟ್ರಾನುಗಳು ಪಕ್ಕದ ಕೆನ್ನೆ, ನಾಲಿಗೆಗೆ ಹೆಚ್ಚಿನ ಸುಡುಹುಣ್ಣು ಮಾಡುತ್ತವೆ. ಅವು ಹಾಯುವುದು ಕೆಲವೇ ಮಿಲಿಮೀಟರ್. ಕ್ಯಾಪಿನ ಮೇಲೆ ತೊಡಿಸುವ ಮೂರ್ನಾಲ್ಕು ಮಿಲಿಮೀಟರ್ ದಪ್ಪದ ಸಿಲಿಕೋನ್ ಅಥವಾ ಅಕ್ರಿಲಿಕ್ ಕವಚ ಅವನ್ನು ಬಹುಮಟ್ಟಿಗೆ ತಡೆಯುತ್ತದೆ. ದಂತವೈದ್ಯರು ಅಚ್ಚು ತೆಗೆದು ಅದನ್ನು ಮಾಡಿಕೊಡಬಲ್ಲರು. ಮುಖವಾಡ ಮಾಡುವ ದಿನವೇ ಅದು ತಂದೆಯ ಬಾಯಿಯಲ್ಲಿರಬೇಕು, ಯೋಜನೆಯ ಸ್ಕ್ಯಾನೂ ಅದನ್ನು ತೊಟ್ಟೇ ಆಗಬೇಕು.